ಹಿಂದಿನ ಎರಡು ಚಕ್ರ

"ಇದನ್ನು ಬಿಚ್ಚಿ ಹಾಕಿದ್ದು ಯಾರು?" ಎಂದ ಮಶೂದ್, ಬಾಯಿಂದ ಮಾತು ಬಿದ್ದ ಮೇಲೆ ಕೇಳಬಾರದಿತ್ತು ಅನ್ನಿಸಿ ತಲೆ ತಗ್ಗಿಸಿದ.

ಜಾಕಿನ ಮೇಲೆ ನಿಂತ ಕೆಂಪು ಕಾರಿನ ಹಿಂದಿನ ಚಕ್ರದ ಮೇಲೆ ಅವನ ಬೆರಳಿತ್ತು. ಕೆಸರು ಒರೆಸಿದಲ್ಲಿ ಟಯರಿನ ಬದಿಗೆ ಬಾಣದ ಗುರುತೊಂದು ಕಾಣುತ್ತಿತ್ತು. ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ಕಡೆಗೆ ಆ ಬಾಣ ಇರಬೇಕು. ಇದು ಹಿಂದಕ್ಕೆ ತೋರಿಸುತ್ತಿತ್ತು. ಆಚೆ ಬದಿಯದ್ದೂ ಹಾಗೆಯೇ.

ಸುಳ್ಯ ಪೇಟೆಯ ಕೊನೆಯಲ್ಲಿದ್ದ ಅವನ ಟಯರಂಗಡಿಯ ಬೆಂಚಿನಲ್ಲಿ ದೇವಕಿಯಮ್ಮ ಕೂತಿದ್ದರು. ಅವರ ಗಂಡನ ಅಣ್ಣನ ಮಗ ಉದಯಶಂಕರ ಕಂಬಕ್ಕೆ ಒರಗಿ ನಿಂತಿದ್ದ. ಕಾರಿನ ಕೀ ಅವನ ಅಂಗಿಯ ಕಿಸೆಯಲ್ಲಿತ್ತು. ಮೊದಲ ಮಳೆಗೆ ಅಜ್ಜಾವರದ ಇಳಿಜಾರಿನಲ್ಲಿ ದೇವಕಿಯಮ್ಮ ಓಡಿಸುತ್ತಿದ್ದ ಕಾರಿನ ಹಿಂಭಾಗ ಜಾರಿ, ಅರ್ಧ ಸುತ್ತು ಹೊಡೆದು, ರಸ್ತೆ ಬದಿಯ ಚರಂಡಿಗೆ ಇಳಿದಿತ್ತು. ಅವರ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಕ್ರೇನ್ ತರಿಸಿ ಕಾರನ್ನು ಎತ್ತಿಸಿ ಇಲ್ಲಿಗೆ ಸಾಗಿಸಿದವನು ಉದಯಶಂಕರ. ಅಂದು ಕಿಸೆಗೆ ಹಾಕಿದ ಕೀಯನ್ನು ಅವನು ಮತ್ತೆ ಕೊಟ್ಟಿರಲಿಲ್ಲ. ಸರಿಮಾಡಿಸಿ ಪುತ್ತೂರಿನ ಒಬ್ಬರಿಗೆ ಮಾರುವುದೆಂದು ಮಾತನ್ನೂ ಆಡಿ ಬಂದಿದ್ದ.

"ರಸ್ತೆಯದ್ದೇ ತಪ್ಪು ದೇವಕ್ಕ," ಎಂದ ಮಶೂದ್. "ಅಲ್ಲಿ ಗುಡ್ಡದ ಮಣ್ಣು ಬಂದು ಜಾರ್ತದೆ. ಬೈಕಿನವರು ಎಷ್ಟು ಜನ ಬಿದ್ದಿದ್ದಾರೆ."

"ರಸ್ತೆಯನ್ನು ಎಂತಕ್ಕೆ ಬೈಯುದು ಮಾರಾಯ? ನಾನೇ ಬಿಚ್ಚಿ ಹಾಕಿದ್ದು."

ಮಳೆ ಹಿಡಿಯುವ ಮೊದಲು ಜೀಪಿನ ಟಯರು ತಿರುಗಿಸುವುದು ಅವರ ಮನೆಯ ಕ್ರಮ. ಅಡಿಕೆಗೆ ಮದ್ದು ಬಿಡುವ ತಯಾರಿ ಶುರುವಾಗುವಾಗಲೇ ಜಾಕು ಹೊರಗೆ ಬರುತ್ತಿತ್ತು. ಮುಂದಿನದ್ದು ಹಿಂದೆ, ಎಡದ್ದು ಬಲಕ್ಕೆ. ಸವೆತ ಸಮ ಆಗುತ್ತದೆ, ಏರಿನಲ್ಲಿ ಹಿಡಿತ ಸಿಗುತ್ತದೆ. ಗಂಡ ಇರುವಾಗಲೂ ಈ ಕೆಲಸ ದೇವಕಿಯಮ್ಮನದೇ ಆಗಿತ್ತು. ಗಂಡನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಗೊಬ್ಬರ, ಸೋಗೆ, ಬಾಣಂತಿಯರು, ಮದುವೆಯ ಪಾತ್ರೆಗಳು, ಎಲ್ಲವನ್ನೂ ಜೀಪಿನಲ್ಲಿ ಹೊತ್ತದ್ದು ಇವರೇ. ಗಂಡನ ವರ್ಷಾಂತಿಕ ಮುಗಿದ ಮೇಲೆ ಜೀಪು ಮಾರಿ, ಯಾರೋ ಓಡಿಸಿ ಬಿಟ್ಟಿದ್ದ ಈ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದರು. ಅಂಗಳದಲ್ಲಿ ನಿಂತ ಅದನ್ನು ನೋಡಿ, "ಇದರಲ್ಲಿ ಒಂದು ಗೋಣಿ ಇಡ್ಲಿಕ್ಕೆ ಜಾಗ ಇಲ್ಲವಲ್ಲ ಚಿಕ್ಕಮ್ಮ!" ಎಂದಿದ್ದ ಉದಯಶಂಕರ. "ಅದಕ್ಕೇ ತಂದದ್ದು," ಎಂದಿದ್ದರು ಅವರು.

ಕಾರಿನ ಹಿಂದಿನ ಟಯರು ಮುಂದಿನದಕ್ಕಿಂತ ಅಗಲ ಇರುವುದು ಅವರಿಗೆ ಕಂಡಿತ್ತು. ಮುಂದಿನದ್ದನ್ನು ಹಿಂದಕ್ಕೆ ಹಾಕಲು ಬರುವುದಿಲ್ಲ. ಆದರೆ ಮಳೆಗಾಲದ ಬಾಗಿಲಲ್ಲಿ ಟಯರು ಮುಟ್ಟದೆ ಬಿಡಲು ಕೈ ಕೇಳಲಿಲ್ಲ. ಹಿಂದಿನ ಎರಡನ್ನಾದರೂ ಎಡಬಲ ಮಾಡಿದರು. ಬಾಣ ನೋಡಲಿಲ್ಲ. ಜೀಪಿನ ಟಯರಿನಲ್ಲಿ ಅವರು ಬಾಣ ಕಂಡವರೇ ಅಲ್ಲ.

"ನೀರನ್ನು ಹೊರಗೆ ದಬ್ಬುವ ಗೆರೆ ಇದು," ಮಶೂದ್ ಟಯರು ಸವರಿದ. "ಉಲ್ಟಾ ಆದ್ರೆ ನೀರು ಅಡಿಯಲ್ಲೇ ನಿಲ್ತದೆ. ಇದರಲ್ಲಿ ತಿರುಗಿಸಿ ಲಾಭ ಇಲ್ಲ ದೇವಕ್ಕ. ತಿರುಗಿಸುದೇ ಆದ್ರೆ ರಿಮ್ಮಿನಿಂದ ಕಳಚಿ ಮಗುಚಿ ಹಾಕ್ಬೇಕು. ಅಷ್ಟು ಮಾಡಿದ್ರೂ ಹೆಚ್ಚು ಎಂತ ಸಿಗುದಿಲ್ಲ. ಹಿಂದಿನದ್ದು ಹಿಂದೆಯೇ ಸವೆದು ಮುಗೀಬೇಕು, ಮತ್ತೆ ಹೊಸತು."

"ಕೇಳಿದ್ರಲ್ಲ?" ಉದಯಶಂಕರ ಕಂಬ ಬಿಟ್ಟು ಬಂದ. "ಜೀಪಿನ ಲೆಕ್ಕದಲ್ಲಿ ಇದನ್ನು ಸಾಕ್ಲಿಕ್ಕೆ ಆಗುದಿಲ್ಲ ಚಿಕ್ಕಮ್ಮ. ಇದು ನಮ್ಮ ರಸ್ತೆಯ ಗಾಡಿ ಅಲ್ಲ, ನಿಮ್ಮ ಪ್ರಾಯದ್ದೂ ಅಲ್ಲ. ಎಲ್ಲಿಗೆ ಹೋಗ್ಬೇಕಾದ್ರೂ ನನಗೊಂದು ಫೋನು ಮಾಡಿ. ನನ್ನ ಬೊಲೆರೊದ ಹಿಂದಿನ ಸೀಟಲ್ಲಿ ಆರಾಮ ಕೂತ್ಕೊಳ್ಳಿ."

"ಹಿಂದೆ ಕೂತು ನಾನೆಂತ ಮಾಡುದು? ನಿನ್ನ ತಲೆ ನೋಡುದಾ?"

ಮಶೂದ್ ನಗು ತಡೆಯಲು ಚಿಂದಿ ಬಟ್ಟೆ ಹುಡುಕುವವನಂತೆ ಆಚೆ ತಿರುಗಿದ.

"ತಮಾಷೆ ಅಲ್ಲ ಚಿಕ್ಕಮ್ಮ. ಎದುರಿಂದ ಬಸ್ಸು ಬಂದಿದ್ರೆ?"

"ಬಂದಿದ್ರೆ ಸಾಯ್ತಿದ್ದೆ. ತಪ್ಪು ನನ್ನದು, ನೂರು ಸಲ ಹೇಳ್ತೇನೆ. ಟಯರು ಉಲ್ಟಾ ಹಾಕಿದ್ದು ನಾನು, ನನ್ನ ಪ್ರಾಯ ಅಲ್ಲ. ನಿನ್ನ ಮದುವೆ ಆದ ಹೊಸತರಲ್ಲಿ ನೀನು ನಮ್ಮ ಜೀಪನ್ನು ಕೆರೆಗೆ ಇಳಿಸಿದಿ. ಗೇರು ಯಾವುದು ಅಂತ ಗೊತ್ತಾಗ್ಲಿಲ್ಲ ಅಂದಿ. ಮರುದಿನ ಬೆಳಿಗ್ಗೆ ನಿನ್ನ ಚಿಕ್ಕಪ್ಪ ಅದೇ ಕೀ ನಿನ್ನ ಕೈಗೆ ಕೊಟ್ರು. ಇನ್ನೊಮ್ಮೆ ಓಡಿಸು, ಕಲೀತಿ ಅಂತ. ನನಗೆ ಮಾತ್ರ ಇನ್ನೊಮ್ಮೆ ಇಲ್ಲವಾ?"

ಉದಯಶಂಕರನ ಕೈ ಕೀ ಇದ್ದ ಕಿಸೆಯ ಮೇಲೆ ಹೋಯಿತು.

ದೇವಕಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಸ್ಪ್ಯಾನರ್ ಕೊಡು ಮಶೂದ್."

"ನಾನು ಹಾಕ್ತೇನೆ ದೇವಕ್ಕ, ಕೈ ಬೇರೆ ನೋವುಂಟು ನಿಮ್ಮದು..."

"ಉಲ್ಟಾ ಹಾಕಿದ್ದು ನೀನಾ?"

ಮಶೂದ್ ಸ್ಪ್ಯಾನರ್ ಕೊಟ್ಟ. ಅವರು ಅದನ್ನು ನಟ್ಟಿಗೆ ಕೂರಿಸಿ ಕಾರಿನ ಮೈಯನ್ನು ಒಂದು ಕೈಯಲ್ಲಿ ಹಿಡಿದು, ಹಿಡಿಯ ಮೇಲೆ ಕಾಲಿಟ್ಟು ಮೈಭಾರ ಬಿಟ್ಟರು. ನಟ್ಟು ಕೀಚಲು ಸ್ವರ ತೆಗೆದು ಬಿಟ್ಟುಕೊಟ್ಟಿತು. ಚಹಾ ಕುಡಿಯುತ್ತಿದ್ದ ಆಟೋದವರಿಬ್ಬರು ಲೋಟ ಹಿಡಿದುಕೊಂಡೇ ಹತ್ತಿರ ಬಂದು ನಿಂತರು. ಚಕ್ರ ಕಳಚುವಾಗ ದೇವಕಿಯಮ್ಮನ ಮೊಣಕೈಯ ಗಾಯದಿಂದ ರಕ್ತ ಜಿನುಗಿತು. ಉದಯಶಂಕರ ಹಿಡಿಯಲು ಬಂದ. "ಅಲ್ಲೇ ನಿಲ್ಲು," ಎಂದರು. ಚಕ್ರವನ್ನು ಉರುಳಿಸಿಕೊಂಡು ಕಾರಿನ ಆಚೆ ಬದಿಗೆ ಹೋದರು. ಅಲ್ಲಿಯದ್ದನ್ನು ಈಚೆ ತಂದರು. ಕೂರಿಸುವ ಮೊದಲು ಪ್ರತಿ ಸಲ ಬಾಣದ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಮಶೂದ್ ಬಂದು ನಟ್ಟುಗಳನ್ನು ಒತ್ತಿ ನೋಡಿ, ಜಾಕು ಇಳಿಸಿದ.

ಅಷ್ಟರಲ್ಲಿ ಮಳೆ ಶುರುವಾಗಿತ್ತು. ದೇವಕಿಯಮ್ಮ ಕೈಯನ್ನೂ ತೊಳೆಯದೆ, ಮಸಿ ಹಿಡಿದ ಅಂಗೈ ಚಾಚಿದರು.

"ಪುತ್ತೂರಿನವರಿಗೆ ನಾನು ಮಾತು ಕೊಟ್ಟಾಗಿದೆ," ಎಂದ ಉದಯಶಂಕರ, ದನಿ ಇಳಿಸಿ.

"ನನ್ನ ಕಾರಿಗೆ ನೀನು ಮಾತು ಕೊಟ್ಟದ್ದು ಹೇಗೆ? ನಿನ್ನ ಬೊಲೆರೊ ಕೊಡು ಅವರಿಗೆ."

ಆಟೋದವರಲ್ಲಿ ಒಬ್ಬ ಕಿಸಕ್ಕೆಂದ. ದೇವಕಿಯಮ್ಮನ ಕೈ ಚಾಚಿಯೇ ಇತ್ತು. ಉದಯಶಂಕರ ಆಟೋದವರನ್ನು ನೋಡಿದ, ಮಳೆಯನ್ನು ನೋಡಿದ. ಕೊನೆಗೆ ಕೀ ತೆಗೆದು ಆ ಅಂಗೈಯಲ್ಲಿಟ್ಟ.

"ಈ ಮಳೆಗೆ ಒಬ್ರನ್ನೇ ಬಿಡುದಿಲ್ಲ."

"ಬಿಡ್ಬೇಡ. ಕೂತ್ಕೋ. ಎರಡು ಸೀಟು ಉಂಟಲ್ಲ."

ಎತ್ತರದ ಆಳು ಅವನು. ಬಾಗಿ, ತಲೆ ತಾಗಿಸಿಕೊಂಡು, ಮೊಣಕಾಲು ಎದೆಗೆ ಬರುವಂತೆ ಎಡಗಡೆ ಕೂತ. ಕಾರು ಒಮ್ಮೆ ಗುರುಗುಟ್ಟಿ ರಸ್ತೆಗೆ ಇಳಿಯಿತು. ಕಾಂತಮಂಗಲದ ಸೇತುವೆಯ ಕಡೆಗೆ ನೀರು ಡಾಂಬರಿನ ಮೇಲೆ ತೆಳ್ಳಗೆ ಹರಿಯುತ್ತಿತ್ತು. ಹಿಂದಿನ ಚಕ್ರಗಳು ಅದನ್ನು ಎರಡೂ ಬದಿಗೆ ಎಸೆಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಎದುರಿನಿಂದ ಮಂಡೆಕೋಲಿನ ಬಸ್ಸು ಹೆಡ್‌ಲೈಟು ಹಾಕಿಕೊಂಡು ಬಂತು. ದೇವಕಿಯಮ್ಮ ಗೇರು ಒಂದು ಇಳಿಸಿದರು. ಉದಯಶಂಕರನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಬಲವಾಗಿ ಒತ್ತಿ ಹಿಡಿಯಿತು, ಅಲ್ಲಿ ಬ್ರೇಕು ಇರಲಿಲ್ಲ.