ಮಟ್ಟಿ ಮೈಮೇಲಿರುವ ತನಕ

ನಮ್ಮೂರಲ್ಲಿ ಜಾತಿ ಇಲ್ಲದ ಜಾಗ ಒಂದಿತ್ತು. ಎರಡು ಎತ್ತಿನ ಗಾಡಿ ನಿಲ್ಲಿಸಿದರೆ ತುಂಬಿಹೋಗುವಷ್ಟು ಜಾಗ. ಗರಡಿ ಮನೆಯೊಳಗೆ ಕುಸ್ತಿ ಆಡುವ ಕಣ ಅದು. ಅಲ್ಲಿ ಹಾಸಿರುವ ಕೆಂಪು ಮಣ್ಣಿಗೆ ಮಟ್ಟಿ ಅನ್ನುತ್ತಾರೆ. ಮಟ್ಟಿ ಮೈಮೇಲಿರುವ ತನಕ ಪೈಲ್ವಾನನಿಗೆ ಜಾತಿ ಇಲ್ಲ ಎಂದು ಪಟೇಲ್ ಹೊನ್ನಯ್ಯನವರು ಚಾವಡಿಯಲ್ಲಿ ಕೂತು ತೀರ್ಮಾನ ಮಾಡಿದ್ದರು.

ತೀರ್ಮಾನಕ್ಕೆ ಕಾರಣ ಅವರ ಮಗ ಕೆಂಪಯ್ಯ. ಅವನು ಮಳವಳ್ಳಿ, ಹಲಗೂರು, ಆತಗೂರು ಕಡೆಯೆಲ್ಲ ಹೆಸರಾದ ಪೈಲ್ವಾನ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಗರಡಿಯ ಹುಡುಗರು ಒಬ್ಬೊಬ್ಬರಾಗಿ ಸೈನ್ಯಕ್ಕೆ ಸೇರಿಕೊಂಡರು. ಅವನ ಜೊತೆ ಸೆಣಸುವ ಮೈಕಟ್ಟು ಇದ್ದು ಊರಲ್ಲೇ ಉಳಿದವನು ಹೊರಗಿನ ಕೇರಿಯ ಸಿದ್ದರಾಮು ಒಬ್ಬನೇ. ಮುಟ್ಟದೆ ಆಡುವ ಕುಸ್ತಿಯ ಪಟ್ಟು ಯಾವುದೂ ಇಲ್ಲವೆಂದು ಗರಡಿಯ ಉಸ್ತಾದರು ಪಟೇಲರಿಗೆ ತಿಳಿಸಿದರು. ಪಟೇಲರು ಕೆಲವು ದಿನ ಯೋಚಿಸಿ ಮಟ್ಟಿಯ ವಿಷಯ ಕಂಡುಹಿಡಿದರು.

ಉಸ್ತಾದರು ಅಂದರೆ ನನ್ನ ಅಬ್ಬಾ, ಫಕ್ರುದ್ದೀನ್. ನಮ್ಮ ಮನೆ ಗರಡಿಗೆ ಎದುರು. ನಮ್ಮ ಕಿಟಕಿಗೂ ಗರಡಿಯ ಬಾಗಿಲಿಗೂ ನಡುವೆ ಊರ ಬಾವಿ. ನಾಲ್ಕನೇ ಕ್ಲಾಸಿಗೆ ನನ್ನನ್ನು ಸ್ಕೂಲು ಬಿಡಿಸಿದ ಮೇಲೆ ನಾನು ಹೆಚ್ಚಾಗಿ ಆ ಕಿಟಕಿಯ ಹತ್ತಿರವೇ ಇರುತ್ತಿದ್ದೆ. ಕೆಲಸವೂ ಅಲ್ಲೇ ಇತ್ತು. ಕೆಮ್ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಅರಿಸಿನ, ಮಜ್ಜಿಗೆ, ಎಳ್ಳೆಣ್ಣೆ ಹಾಕಿ ಕಲಸಿ ನೆರಳಲ್ಲಿ ಆರಿಸಬೇಕು. ಅಮ್ಮನಿಗೆ ದೂಳಿಗೆ ಕೆಮ್ಮು ಬರುತ್ತಿದ್ದುದರಿಂದ ಅದು ನನ್ನ ಪಾಲಿಗೆ ಬಂತು. ಕುಕ್ಕೆಗೆ ತುಂಬಿಟ್ಟರೆ ಅಬ್ಬಾ ಹೊತ್ತುಕೊಂಡು ಹೋಗಿ ಕಣಕ್ಕೆ ಸುರಿಯುತ್ತಿದ್ದರು. ಹೆಂಗಸರು ಗರಡಿಗೆ ಕಾಲಿಡುವಂತಿರಲಿಲ್ಲ. ಮಟ್ಟಿ ಎಲ್ಲಿಂದ ಬರುತ್ತದೆ ಎಂದು ಗರಡಿಯಲ್ಲಿ ಯಾರೂ ಕೇಳಿದವರಲ್ಲ.

ಕಣದಲ್ಲಿರುವಾಗ ಸಿದ್ದರಾಮು ಪಟೇಲರ ಮಗನನ್ನು "ಲೇ ಕೆಂಪಾ" ಅನ್ನುತ್ತಿದ್ದ. "ಲೇ ಕೆಂಪಾ, ಕಾಲ್ ಕೊಡಬ್ಯಾಡ ಕಣ್ಲಾ, ಬಿದ್ದೋಯ್ತೀಯ" ಎಂದು ಅವನು ಕೂಗುವುದು ನಮ್ಮ ಅಡಿಗೆಮನೆಗೂ ಕೇಳಿಸುತ್ತಿತ್ತು. ಆಟ ಮುಗಿದ ಮೇಲೆ ಇಬ್ಬರೂ ಬಾವಿಯ ಹತ್ತಿರ ಮೈ ತೊಳೆಯಲು ಬರುತ್ತಿದ್ದರು. ಸಿದ್ದರಾಮು ಕಟ್ಟೆಯ ಕೆಳಗೆ ಕೂರುತ್ತಿದ್ದ. ಕೆಂಪಯ್ಯ ನೀರು ಸೇದಿ ಮೇಲಿನಿಂದ ಹುಯ್ಯುತ್ತಿದ್ದ. ತಲೆಯ ಮಟ್ಟಿ ಹೋಗುವ ತನಕ ಹತ್ತಿರವೇ ನಿಂತಿರುವವನು, ಭುಜದ ಮಟ್ಟಿ ಹೋಗುವಾಗ ಸ್ವಲ್ಪ ಸರಿಯುತ್ತಿದ್ದ, ಸೊಂಟಕ್ಕೆ ಬಂದಾಗ ಇನ್ನೂ ಸ್ವಲ್ಪ. ಕಾಲಿನ ಸರದಿಗೆ ನೀರನ್ನು ದೂರದಿಂದ ಎರಚಬೇಕಾಗುತ್ತಿತ್ತು. ಪೂರ್ತಿ ತೊಳೆದಾದ ಮೇಲೆ ಸಿದ್ದರಾಮು ಎದ್ದು ಕೈ ಮುಗಿದು, "ಬತ್ತೀನಿ ಅಯ್ಯಾ" ಎಂದು ಹೋಗುತ್ತಿದ್ದ.

ಅವನ ತಾಯಿ ಪುಟ್ಟಮಾದಮ್ಮನೂ ಅದೇ ಬಾವಿಗೆ ಬರುತ್ತಿದ್ದಳು. ಕೇರಿಯ ಹೆಂಗಸರು ಬಿಂದಿಗೆಗಳನ್ನು ಕಟ್ಟೆಯ ಕೆಳಗೆ ಇಟ್ಟು ದೂರ ನಿಂತು ಕಾಯಬೇಕು. ನೀರಿಗೆ ಬಂದ ಊರಿನ ಹೆಂಗಸಿಗೆ ಮನಸ್ಸೂ ಇದ್ದು ಬಿಡುವೂ ಇದ್ದರೆ ಒಂದು ಬಿಂದಿಗೆ ಹುಯ್ಯುತ್ತಿದ್ದಳು. ಎರಡೂ ಒಟ್ಟಿಗೆ ಇರುವುದು ಕಡಿಮೆ. ನಾನು ಬೆಳಕು ಹರಿಯುವ ಮುಂಚೆಯೇ ನಮ್ಮ ಮನೆಗೆ ಸೇದಿಕೊಂಡು ಒಳಗೆ ಬಂದುಬಿಡಬೇಕಿತ್ತು. ಆಮೇಲೆ ಕಿಟಕಿಯಿಂದ ನೋಡುವುದಷ್ಟೇ. ಪುಟ್ಟಮಾದಮ್ಮ ಮಾತಾಡುತ್ತಿರಲಿಲ್ಲ. ಬಿಂದಿಗೆಯನ್ನು ನೋಡಿಕೊಂಡು ನಿಂತಿರುತ್ತಿದ್ದಳು. ಕೆಲವು ದಿನ ಬಿಸಿಲೇರಿದ ಮೇಲೆ ಖಾಲಿ ಬಿಂದಿಗೆಯನ್ನೇ ಸೊಂಟಕ್ಕಿಟ್ಟುಕೊಂಡು ಹೋಗುತ್ತಿದ್ದಳು.

ಅಂಥ ಒಂದು ದಿನ ಸಿದ್ದರಾಮುವಿನ ಹಿಡಿತದಲ್ಲಿ ಬಲವಿಲ್ಲ ಎಂದು ಅಬ್ಬಾ ಬೈದರು.

"ಉಂಡಿಲ್ಲ ಉಸ್ತಾದ್. ಮನೇಲಿ ನೀರಿರ್ನಿಲ್ಲ, ಅವ್ವ ಮುದ್ದೆ ತೊಳಸಿಲ್ಲ" ಎಂದ.

ಬಾವಿ ಅಲ್ಲಿಂದ ಕಾಣುತ್ತಿತ್ತು. ಅಬ್ಬಾ ಅದನ್ನು ನೋಡಿದರು.

ನನ್ನ ಚಾಚಾ ಮೆಹಬೂಬ್ ಪಾಷಾ ಶಿವನಸಮುದ್ರದ ಕರೆಂಟು ಕಾರ್ಖಾನೆಯಲ್ಲಿ ಫಿಟ್ಟರು. ರಜಾ ಸಿಕ್ಕಾಗ ಬಂದು ನಮ್ಮ ಜಗಲಿಯ ಮೇಲೆ ಕೂತು ಲೋಕದ ಸುದ್ದಿ ಹೇಳುತ್ತಿದ್ದರು. ಒಂದು ಸಲ ಕಡಲೆಕಾಯಿ ಕಟ್ಟಿಸಿಕೊಂಡು ಬಂದ ಪೇಪರಿನಲ್ಲಿ ಒಂದು ಫೋಟೋ ಇತ್ತು. ಅಗಲ ಎದೆಯ ಕರಿಯ ಮನುಷ್ಯ, ಕೈಗೆ ದಿಂಬಿನಂಥ ಚೀಲ ಕಟ್ಟಿಕೊಂಡು ನಿಂತಿದ್ದ. ಸಿದ್ದರಾಮು ಜಗಲಿಯ ಕೆಳಗೆ ಕೂತು ಕತ್ತು ಎತ್ತಿ ನೋಡಿದ.

"ಅಮೆರಿಕಾದೋನು" ಎಂದರು ಚಾಚಾ. "ಗುದ್ದಾಟದಲ್ಲಿ ಇವನನ್ನ ಮೀರ್ಸೋರಿಲ್ಲ. ಆದ್ರೆ ಅವನ ದೇಶದಲ್ಲಿ ಕರಿಯರು ಬಿಳಿಯರ ಓಟ್ಲಲ್ಲಿ ಕೂರೋಂಗಿಲ್ವಂತೆ. ನೀರಿನ ನಲ್ಲೀನೂ ಬ್ಯಾರೆ."

"ನಲ್ಲೀನೂವಾ?"

"ನಲ್ಲೀನೂವೇ ಕಣಪ್ಪ."

ಸಿದ್ದರಾಮು ಫೋಟೋವನ್ನು ಇನ್ನೊಂದು ಸಲ ನೋಡಿದ. "ಅವ್ರಿಗೆ ಮಟ್ಟಿ ಇಲ್ವಾ ಚಾಚಾ?"

"ಅವರದು ಹಲಗೆ ಮೇಲಿನ ಆಟ. ಮಟ್ಟಿ ಎಲ್ಲಿ ಬಂತು?"

"ಅಯ್ಯೋ ಪಾಪ" ಎಂದ ಸಿದ್ದರಾಮು.

ಚಾಚಾ ಓದುತ್ತ ಹೋದರು. ಅಲ್ಲಿ ಇನ್ನೊಬ್ಬ ಕರಿಯ ಆಟಗಾರನ ಸುದ್ದಿಯೂ ಇತ್ತು. ಸಿಪಾಯಿಗಳ ಮುಂದೆ ಆಡಿ ತೋರಿಸು ಎಂದು ಅವನನ್ನು ಕರೆದಿದ್ದರು. ಹೋಗಿ ನೋಡಿದರೆ ಬಿಳಿಯ ಸಿಪಾಯಿಗಳು ಒಳಗೆ, ಕರಿಯ ಸಿಪಾಯಿಗಳು ಹೊರಗೆ. "ನಮ್ಮೋರನ್ನೂ ಒಳಗೆ ಕೂರ್ಸಿ, ಆಮೇಲೆ ಕೈ ಎತ್ತೀನಿ ಅಂದನಂತೆ ನೋಡು!"

"ಕೂರ್ಸುದ್ರಾ?"

ಚಾಚಾ ಪೇಪರನ್ನು ಹಿಂದೆ ಮುಂದೆ ತಿರುಗಿಸಿದರು. ಉಳಿದ ಅರ್ಧ ಬೇರೆ ಯಾರದೋ ಕಡಲೆಕಾಯಿಯ ಜೊತೆ ಹೋಗಿತ್ತು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಪಟೇಲರು ಯುದ್ಧ ನಿಧಿಗೆಂದು ಕುಸ್ತಿ ಏರ್ಪಾಡು ಮಾಡಿದರು. ತಾಲ್ಲೂಕಿನ ಅಮಲ್ದಾರರು ಬರಲು ಒಪ್ಪಿದ್ದರು. ಅವರಿಗೆ ಕೂರಲು ಮಂಡ್ಯದಿಂದ ಕುರ್ಚಿ ತರಿಸುವುದೆಂದು ಆಯಿತು. ಕೆಂಪಯ್ಯನ ಹೆಸರು, ಅದಕ್ಕಿಂತ ಚಿಕ್ಕ ಅಕ್ಷರದಲ್ಲಿ ಸಿದ್ದರಾಮುವಿನ ಹೆಸರು ಅಚ್ಚು ಹಾಕಿಸಿ ಮದ್ದೂರು, ಮಳವಳ್ಳಿಯ ಬಸ್ಸು ನಿಲ್ಲುವ ಕಡೆಯೆಲ್ಲ ಅಂಟಿಸಿದರು.

ನಮ್ಮ ಕಡೆ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಇಬ್ಬರು ಪೈಲ್ವಾನರನ್ನೂ ಹತ್ತು ಜನರ ಮುಂದೆ ನಿಲ್ಲಿಸಿ, ಹಿರಿಯರು ಅವರ ಕೈಗೆ ಕೈ ಸೇರಿಸುತ್ತಾರೆ. ಕೈ ಕೊಟ್ಟ ಮೇಲೆ ಹಿಂದೆಗೆಯುವಂತಿಲ್ಲ. ಕೈ ಕೊಡದಿದ್ದರೆ ಕುಸ್ತಿಯೇ ಇಲ್ಲ. ಜೋಡಿ ಕಟ್ಟುವ ದಿನ ಜನ ಗರಡಿಯ ಮುಂದೆ, ಬಾವಿಯ ಸುತ್ತ ಸೇರಿದ್ದರು. ಇಬ್ಬರ ಮೈಗೂ ಮಟ್ಟಿ ಬಳಿದಿತ್ತು, ಯಾಕೆಂದರೆ ಕೈ ಮುಟ್ಟಬೇಕಲ್ಲ. ನೀರಿಗೆ ಬಂದ ಹೆಂಗಸರು ಒಂದು ಕಡೆ ನಿಂತಿದ್ದರು. ಕಟ್ಟೆಯ ಕೆಳಗೆ ಬಿಂದಿಗೆ ಇಟ್ಟುಕೊಂಡು ಪುಟ್ಟಮಾದಮ್ಮನೂ ಇದ್ದಳು.

ಕೆಂಪಯ್ಯ ಕೈ ಚಾಚಿದ. ಸಿದ್ದರಾಮು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕೈ ಕೊಡ್ಲಾ" ಎಂದರು ಪಟೇಲರು.

"ಕೊಡ್ತೀನಿ ಬುದ್ದೀ. ಮೊದ್ಲು ನಮ್ಮವ್ವ ಈ ಬಾವೀಲಿ ಅವಳ ಕೈಯಾರ ಒಂದ್ ಬಿಂದ್ಗೆ ನೀರು ಸೇದ್ಕಳ್ಳಿ. ಅವಳು ಮಾತ್ರ ಅಲ್ಲ, ನಮ್ ಕೇರಿ ಎಂಗುಸ್ರೆಲ್ಲ."

ಯಾರೋ ನಕ್ಕರು. ಬೇರೆ ಯಾರೂ ನಗದಿದ್ದುದರಿಂದ ನಿಲ್ಲಿಸಿದರು.

"ಏನ್ ಮಾತಾಡ್ತಿದೀಯ ಅಂತ ಗೊತ್ತೇನ್ಲಾ?" ಪಟೇಲರ ದನಿ ಏರಲಿಲ್ಲ. "ನಿನ್ನ ಗರಡಿಯಿಂದ ಆಚೆ ಆಕುಸ್ತೀನಿ. ಊರಲ್ಲಿ ಯಾರೂ ಕೂಲಿಗೆ ಕರೀದಂಗೆ ಮಾಡ್ತೀನಿ."

"ಮಾಡಿ ಬುದ್ದೀ. ಅಂಗಾದ್ರೆ ಕುಸ್ತಿ ಇಲ್ಲ."

ಪುಟ್ಟಮಾದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಬ್ಯಾಡ ಕಣ್ ಮಗಾ, ಬುಡು" ಎಂದದ್ದು ನನಗೆ ಕೇಳಿಸಿತು. ಅವನಿಗೂ ಕೇಳಿಸಿರಬೇಕು. ಕೈ ಮುಂದೆ ಬರಲಿಲ್ಲ.

"ಅಪ್ಪಾ," ಎಂದ ಕೆಂಪಯ್ಯ, "ಇವ್ನಿಲ್ದಿದ್ರೆ ಅಮಲ್ದಾರ್ರ ಮುಂದೆ ನಾನ್ ಯಾರ ಜೊತೆ ಆಡ್ಲಿ? ಕಂಬದ ಜೊತೆಗಾ?"

"ನೀನ್ ಸುಮ್ಕಿರು. ಬಾವಿ ಜಾತಿಯೋರ್ದು. ಅದು ಎಂಗೆ ಆಯ್ತದೆ?"

"ಮಟ್ಟಿ ಮೈಮೇಲಿದ್ರೆ ಜಾತಿ ಇಲ್ಲ ಅಂತ ತಾವೇ ಅಂದಿದ್ದು ಬುದ್ದೀ" ಎಂದ ಸಿದ್ದರಾಮು. "ನಮ್ಮವ್ವ ಕೈಗೆ ಮಟ್ಟಿ ಅಚ್ಕಂಡೇ ಸೇದ್ತಾಳೆ."

ಪಟೇಲರು ಯೋಚಿಸಿದರು. ಆಮೇಲೆ ಅವರ ಮುಖ ಸಡಿಲವಾಯಿತು. "ಆಗ್ಲಿ ಬುಡು. ಮಟ್ಟಿ ಅಚ್ಕಂಡು ಬಂದೋಳು ಸೇದ್ಲಿ. ಆದ್ರೆ ಎಂಗುಸ್ರು ಗರಡಿಗೆ ಕಾಲಿಡೋಂಗಿಲ್ಲ, ಮಟ್ಟಿ ಆಚೆಗೆ ಎತ್ಕೊಡೋಂಗಿಲ್ಲ. ಅದು ಗರಡಿ ಧರ್ಮ. ಏನ್ ಉಸ್ತಾದ್?"

"ಸರಿ ಪಟೇಲ್ರೆ" ಎಂದರು ಅಬ್ಬಾ. "ಗರಡಿಯಿಂದ ಒಂದ್ ಚಿಟಿಕೇನೂ ಆಚೆ ಓಗಲ್ಲ. ಓಗೋದೂ ಬ್ಯಾಡ. ಮಟ್ಟಿ ಆಗೋದು ನಮ್ಮನೇಲಿ. ನನ್ ಮಗಳು ಮಾಡ್ತಾಳೆ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ನಾನು ಗೋಡೆಗೆ ಬೆನ್ನು ಹಚ್ಚಿ ಕುಕ್ಕರುಗಾಲಲ್ಲಿ ಕೂತೆ.

"ಎಂಗ್ಸು ಮಾಡೋದಾ? ಇಷ್ಟ್ ವರ್ಸದಿಂದ ನನ್ ಮಗ ಮೈಗೆ ಬಳ್ಕತಿದ್ದದ್ದು?"

"ಹೂಂ ಪಟೇಲ್ರೆ. ನಯವಾಗೈತೆ ಅಂತ ತಾವೇ ಒಂದ್ಸಲ ಅಂದಿದ್ರಿ."

"ಮನೇಲಿರೋದು ಬರೀ ಮಣ್ಣು ಕಣಯ್ಯ. ಗರಡಿಗೆ ಬಂದ್ಮೇಲೆ ಮಟ್ಟಿ."

"ಮನೇಲಿ ಮಣ್ಣಾದ್ರೆ ಗರಡೀಲೂ ಮಣ್ಣೇ. ನಾನು ಕುಕ್ಕೆಯಿಂದ ಸುರೀತೀನಿ, ಅಷ್ಟೇಯ. ಬರೀ ಮಣ್ಣು ಅಂತಂದ್ರೆ, ಇಷ್ಟ್ ದಿವ್ಸ ಇವ್ರಿಬ್ರೂ ಬರೀ ಮಣ್ಣಲ್ಲೇ ಮುಟ್ಕಂಡವ್ರೆ ಅಂತಾಯ್ತದೆ."

ಕೆಂಪಯ್ಯ ತನ್ನ ಕೈಗಳನ್ನು ನೋಡಿಕೊಂಡ. ಪಟೇಲರ ಹೆಂಡತಿ ಅಂಕಮ್ಮ ಹೆಂಗಸರ ನಡುವೆ ನಿಂತವಳು ಮಗನನ್ನು ನೋಡಿದಳು. ಆ ಮಗ ಎಷ್ಟೋ ವರ್ಷದಿಂದ ಅವಳ ಅಡಿಗೆಮನೆಯಲ್ಲಿ ಉಣ್ಣುತ್ತಿದ್ದ.

"ಮಟ್ಟೀನೇ ಕಣಯ್ಯ" ಎಂದರು ಪಟೇಲರು ಕೊನೆಗೆ. "ಮಟ್ಟಿ ಅಲ್ಲ ಅಂದೋರ್ಯಾರು?"

"ಹಬೀಬೂ, ಒಂದು ಹಿಡಿ ಮಟ್ಟಿ ಕೊಡು" ಎಂದರು ಅಬ್ಬಾ.

ಅಷ್ಟು ಜನ ಗಂಡಸರ ಮುಂದೆ ಕಿಟಕಿಯಲ್ಲಿ ಮುಖ ತೋರಿಸುವುದು ನನ್ನಿಂದ ಆಗಲಿಲ್ಲ. ಕೂತಲ್ಲಿಂದಲೇ ಹಿಡಿ ತುಂಬಿ, ಕೈಯನ್ನು ಮಾತ್ರ ಸರಳಿನಿಂದ ಆಚೆಗೆ ಚಾಚಿದೆ. ಬಹಳ ಹೊತ್ತು ಕೈ ಹಾಗೇ ಇತ್ತು. ಆಮೇಲೆ ಒರಟು ಬೆರಳುಗಳು ನನ್ನ ಅಂಗೈ ಕೆರೆದು ಮಟ್ಟಿ ತೆಗೆದುಕೊಂಡವು.

ಎದ್ದು ನೋಡುವಷ್ಟರಲ್ಲಿ ಪುಟ್ಟಮಾದಮ್ಮ ಮೊಣಕೈ ತನಕ ಬಳಿದುಕೊಂಡು ಕಟ್ಟೆ ಹತ್ತಿದ್ದಳು. ಬಾವಿಯ ಹಗ್ಗಕ್ಕೆ ಕಟ್ಟಿದ್ದ ಕೊಡವನ್ನು ಒಳಗೆ ಬಿಟ್ಟಳು. ಹಗ್ಗ ಹಿಡಿದು ನಿಂತಳು. ಎಳೆದಳು. ಕೊಡ ಖಾಲಿ ಬಂತು. ಇನ್ನೊಂದು ಸಲ ಬಿಟ್ಟಳು. ಮತ್ತೂ ಖಾಲಿ ಬಂತು. ಕೊಡ ನೀರಿನ ಮೇಲೆ ತೇಲುತ್ತಿತ್ತೇ ಹೊರತು ಮುಳುಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಾವಿಯ ಪಕ್ಕದಲ್ಲಿ ನಿಂತವಳಿಗೆ ಬಾವಿಯಲ್ಲಿ ಸೇದಿ ಗೊತ್ತಿರಲಿಲ್ಲ.

ಸಿದ್ದರಾಮು ನೆಲ ನೋಡುತ್ತಿದ್ದ. ಪಟೇಲರು, "ಸೇದಾಯ್ತಲ್ಲ, ನಡೀರಿ" ಎಂದರು.

"ಎಲ್ಲಿ ಸೇದಾಯ್ತು?" ಎಂದಳು ಅಂಕಮ್ಮ. ಅವಳಿಗೆ ಮನೆಯಲ್ಲಿ ಕೆಲಸ ಕಾಯುತ್ತಿತ್ತು. "ಅಂಗಲ್ಲ ಕಣಮ್ಮಿ. ಎಳೀಬ್ಯಾಡ. ಹಗ್ಗಾನ ಒಂದ್ ಕಿತ ಜಾಡ್ಸು. ಪಕ್ಕಕ್ಕೆ! ಪಕ್ಕಕ್ಕೆ ಜಾಡ್ಸು, ಬಾಯಿ ವಾಲ್ಲಿ. ಹಾಂ, ಈಗ ಬುಡು. ಮುಳುಗ್ತಾ? ಎಳಿ."

ಕೊಡ ತುಂಬಿ ಮೇಲೆ ಬಂತು. ಬಿಂದಿಗೆಗೆ ಹುಯ್ಯುವಾಗ ಪುಟ್ಟಮಾದಮ್ಮ ಅರ್ಧ ನೆಲಕ್ಕೆ ಚೆಲ್ಲಿದಳು. ಅವಳು ಇನ್ನೊಂದು ಕೊಡ ಸೇದಿದಳು. ಸಿದ್ದರಾಮು ಕೈ ಕೊಟ್ಟ.

ಮಾರನೇ ದಿನದ ಕುಸ್ತಿ ನಾನು ನೋಡಲಿಲ್ಲ. ಕೂಗಾಟ ಮನೆಗೆ ಕೇಳುತ್ತಿತ್ತು. ಇಬ್ಬರೂ ಬಹಳ ಹೊತ್ತು ಆಡಿದರಂತೆ, ಯಾರ ಬೆನ್ನೂ ನೆಲಕ್ಕೆ ಹತ್ತಲಿಲ್ಲವಂತೆ. ಕತ್ತಲಾಗುವ ಮುಂಚೆ ಅಮಲ್ದಾರರು ಹೊರಡಬೇಕಾಗಿತ್ತು. ಅದಕ್ಕೆ ಜೋಡಿ ಸಮ ಎಂದು ಸಾರಿದರು. ಅಮಲ್ದಾರರು ಇಬ್ಬರಿಗೂ ಪೇಟ ಕೊಡಿಸಿ, ಸರ್ಕಾರ ಯುದ್ಧವನ್ನು ಬೇಗ ಗೆಲ್ಲಲಿ ಎಂದು ಹೇಳಿ ಹೋದರು.

ಅವರು ಹೋದ ಕೂಡಲೇ ಪಟೇಲರು ಅಬ್ಬಾರನ್ನು ಕರೆದು, "ಕುಸ್ತಿ ಮುಗೀತು. ಇನ್ನು ನಿನ್ ಮಗಳು ಕಿಟಕೀಲಿ ಮಟ್ಟಿ ಅಂಚೋದು ಬ್ಯಾಡ" ಎಂದರು. ಮಟ್ಟಿ ಇಲ್ಲದೆ ಬಂದವಳನ್ನು ಕಟ್ಟೆ ಹತ್ತಿಸಬೇಡಿ ಎಂದು ತಮ್ಮ ಮನೆಯ ಹೆಂಗಸರಿಗೂ ಹೇಳಿದರು. ಗರಡಿಯ ಜಾಗ ಪಟೇಲರದು. ಅಬ್ಬಾ ಮನೆಗೆ ಬಂದು, "ಕೊಡಬೇಡ ಅಂದಿದ್ದಾರೆ" ಎಂದು ನನಗೆ ಹೇಳಿದರು. ಸ್ವಲ್ಪ ತಡೆದು, "ಅವರು ಅಂದಿದ್ದನ್ನು ಹೇಳಿದೆ" ಎಂದರು. ತಮ್ಮ ಮಾತೇನು ಎಂದು ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಪುಟ್ಟಮಾದಮ್ಮ ಕಿಟಕಿಯ ಹತ್ತಿರ ಬಂದಳು. ಅವಳ ಹಿಂದೆ ಕೇರಿಯ ಮುದ್ದಮ್ಮ, ಮರಿತಾಯಮ್ಮ, ಇನ್ನೂ ಕೆಲವರು ಬಿಂದಿಗೆ ಹಿಡಿದು ನಿಂತಿದ್ದರು. ಆಚೆ ಕಟ್ಟೆಯ ಮೇಲೆ ಅಂಕಮ್ಮ ನೀರು ಸೇದುತ್ತಿದ್ದಳು.

"ಮಟ್ಟಿ ಕೊಡವ್ವಾ" ಎಂದಳು ಪುಟ್ಟಮಾದಮ್ಮ.

ನನ್ನ ಕಾಲ ಹತ್ತಿರ ಎರಡು ಕುಕ್ಕೆ ಮಟ್ಟಿ ಇತ್ತು. ಒಂದು ಹಿಡಿ ಕೊಟ್ಟರೆ ಇವತ್ತಿಗೆ ಆಗುತ್ತದೆ. ನಾಳೆ ಮತ್ತೆ ಬರಬೇಕು, ನಾಳಿದ್ದೂ ಬರಬೇಕು. ಯಾವತ್ತೋ ಒಂದು ದಿನ ಪಟೇಲರು ಕುಕ್ಕೆಯನ್ನೇ ಎತ್ತಿಸುತ್ತಾರೆ. ಮಟ್ಟಿಯೇ ಬೇಡವಾದರೆ ಎತ್ತಿಸಲು ಏನೂ ಉಳಿಯುವುದಿಲ್ಲ. ನಾನು ಎದ್ದು ನಿಂತೆ. ಮುಖ ಕಿಟಕಿಯಲ್ಲಿ ಪೂರ್ತಿ ಕಾಣುವಂತಾಯಿತು.

"ಮಟ್ಟಿ ಮುಗಿದೋಯ್ತು" ಎಂದೆ.

ಪುಟ್ಟಮಾದಮ್ಮ ನನ್ನನ್ನು ನೋಡಿದಳು. ಅವಳು ನಿಂತ ಜಾಗದಿಂದ ಕುಕ್ಕೆಗಳು ಕಾಣುತ್ತಿದ್ದವು. ಅವುಗಳನ್ನೂ ನೋಡಿದಳು.

"ಮುಗ್ದೋಯ್ತಾ" ಎಂದಳು. "ಮುಗ್ದೋದ್ರೆ ಮುಗೀತು ಬುಡು."

ಬರಿಗೈಯಲ್ಲಿ ಹೋಗಿ ಕಟ್ಟೆ ಹತ್ತಿದಳು. ಅಂಕಮ್ಮ ಹಗ್ಗ ಹಿಡಿದಿದ್ದವಳು ಅವಳ ಕೈಗಳನ್ನು ನೋಡಿದಳು.

"ಮಟ್ಟಿ ಎಲ್ಲಮ್ಮಿ?"

"ಮುಗ್ದೋಯ್ತಂತೆ ಕಣವ್ವ."

ಅಂಕಮ್ಮ ನಮ್ಮ ಕಿಟಕಿಯ ಕಡೆ ನೋಡಿದಳು. ನಾನು ಸರಳು ಹಿಡಿದು ನಿಂತೇ ಇದ್ದೆ. ತನ್ನ ಗಂಡ ಕೂರುವ ಚಾವಡಿಯ ಕಡೆಯೂ ನೋಡಿದಳು. ಅಲ್ಲಿ ಇನ್ನೂ ಯಾರೂ ಬಂದಿರಲಿಲ್ಲ.

"ಮುಗುದ್ರೆ ಏನ್ ಮಾಡಕ್ಕಾಯ್ತದೆ" ಎಂದು ಹಗ್ಗವನ್ನು ಕಟ್ಟೆಯ ಮೇಲೆ ಬಿಟ್ಟಳು. "ಬಿರ್ನೆ ಸೇದ್ಕಳಮ್ಮಿ, ನಂದು ಇನ್ನೂ ಎರಡ್ ಬಿಂದ್ಗೆ ಅದೆ. ಪಕ್ಕಕ್ಕೆ ಜಾಡ್ಸು, ಮರೀಬ್ಯಾಡ."