ಲೈನ್ ಕ್ಲಿಯರ್

ನಾನು ಒಂದು ಲೈನ್. ಯಾವ ಲೈನು ಎಂದು ನೀವು ಕೇಳುವುದು ನ್ಯಾಯವೇ. ಈ ನಾಡಿನಲ್ಲಿ ಆ ಹೆಸರಿಗೆ ವಾರಸುದಾರರು ಬಹಳ. ಲೋಹದಲ್ಲಿ ಅಲ್ಯೂಮಿನಿಯಂ, ಕಸುಬಿನಲ್ಲಿ ಕರೆಂಟು, ವಾಸ ಕಂಬದ ಮೇಲೆ ಎಂದರೆ ಗುರುತು ಸಿಕ್ಕೀತು.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಸರಳಾಗಿದ್ದ ನನ್ನನ್ನು ಸಣ್ಣ ಸಣ್ಣ ತೂತುಗಳಲ್ಲಿ ತೂರಿಸಿ, ಎಳೆಯ ವಯಸ್ಸಿನಲ್ಲೇ ಎಳೆದೆಳೆದು ಎಳೆಯಾಗಿಸಿದರು. ಆಮೇಲೆ ದೊಡ್ಡ ಉರುಳೆಗೆ ಸುತ್ತಿ, ಲಾರಿಗೆ ಹೇರಿ, ಹುಣಸೇಕಟ್ಟೆ ಗೇಟಿನಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿದರು. ಕೆಳಗೆ ಟೀ ಅಂಗಡಿ, ರೇಷನ್ ಅಂಗಡಿ, ಬಸ್ ಸ್ಟಾಪು.

ಹೆಸರು ಕೂಗಿದರೆ ತಿರುಗಿ ನೋಡುವುದು ಯಾರಿಗಾದರೂ ಸಹಜ. ಆದರೆ ನನಗೆ ಅಲ್ಲಿ ಕತ್ತು ನೋವೇ ಬಂತು.

"ಲೈನಲ್ ನಿಂತ್ಕಳ್ರಯ್ಯ, ಅಕ್ಕಿ ಎಲ್ಲಿಗೂ ಓಡೋಗಲ್ಲ!"

"ಏನ್ ಮಗಾ, ದಿನಾ ಇದೇ ಬಸ್ಸು? ಯಾರಿಗ್ ಲೈನ್ ಹೊಡೀತಿದೀಯ?"

"ಒಂದ್ ಮದ್ವೆ ಮಾಡು, ತಾನೇ ಲೈನಿಗ್ ಬರ್ತಾನೆ."

"ಎಲೆಕ್ಷನ್ನೆಲ್ಲ ನಮ್ ಲೈನಲ್ಲ ಬುಡಪ್ಪ."

"ಹಲೋ, ಹಲೋ... ಥತ್, ಲೈನೇ ಸಿಗ್ತಿಲ್ಲ."

ಇಷ್ಟೆಲ್ಲ ಕರೆದವರು ತಲೆಯೆತ್ತಿ ನನ್ನನ್ನು ನೋಡುತ್ತಿದ್ದದ್ದು ಕರೆಂಟು ನಿಂತಾಗ ಮಾತ್ರ. "ಲೈನ್ ಹೋಯ್ತು" ಎನ್ನುತ್ತಿದ್ದರು. ಮತ್ತೆ ಬಂದರೆ "ಲೈನ್ ಬಂತು". ಹೀಗೆ ಸಾಯುವುದು ಹುಟ್ಟುವುದು ನನಗೆ ದಿನನಿತ್ಯದ ಕೆಲಸ. ಒಂದು ಮಾತು ಮಾತ್ರ ತಿಳಿದಿರಲಿ: ನನ್ನೊಳಗೆ ಹರಿಯುವುದು ನಾನಲ್ಲ. ಅದು ಬರುವ ಸುಳಿವು ನನಗೂ ಇರುವುದಿಲ್ಲ.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಲೈನ್‌ಮನ್ ಗವಿರಂಗಯ್ಯ. ಕಂಬ ಹತ್ತುವ ಮುಂಚೆ ಅವನು ಸಬ್‌ಸ್ಟೇಷನ್ನಿಗೆ ಫೋನು ಮಾಡಿ 'ಲೈನ್ ಕ್ಲಿಯರ್' ಕೇಳುತ್ತಿದ್ದ. ಅಲ್ಲಿ ಆಪರೇಟರ್ ಫಾಲಾಕ್ಷ ಕರೆಂಟು ನಿಲ್ಲಿಸುತ್ತಿದ್ದ. ಕೆಲಸ ಮುಗಿಸಿ ಇಳಿದು, ಕ್ಲಿಯರ್ ಪಡೆದವನೇ ತನ್ನ ಬಾಯಿಂದ ಅದನ್ನು ವಾಪಸು ಕೊಡಬೇಕು. ಅಲ್ಲಿಯತನಕ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ಅವನ ದನಿಯೇ ಬೀಗ, ಅವನ ದನಿಯೇ ಬೀಗದ ಕೈ. ಅಡಿಕೆ ಸಿಕ್ಕಿಕೊಂಡಂಥ ಒಡಕು ದನಿ. ಮಾತಿಗೆ ಮುಂಚೆ ಒಂದು ಕೆಮ್ಮು.

ಅವನ ಜೊತೆ ಕೆಲಸ ಮಾಡುತ್ತಿದ್ದ ಚಿದಾನಂದ, ಎಲ್ಲರ ಬಾಯಲ್ಲೂ ಚಿದು, ಮಿಮಿಕ್ರಿಯಲ್ಲಿ ಗಟ್ಟಿಗ. ಇಂಜಿನಿಯರರ ಮೂಗಿನ ಇಂಗ್ಲಿಷು, ಕಂಡಕ್ಟರನ "ರೈಟ್ ರೈಟ್", ಎಲ್ಲಕ್ಕಿಂತ ಚೆನ್ನಾಗಿ ಗವಿರಂಗಯ್ಯ. "ನನ್ ಹೆಂಡ್ತಿ ಮುಂದೆ ಮಾತ್ರ ಮಾಡ್ಬೇಡ ಕಣೋ, ನಿಂಗೇ ಮುದ್ದೆ ಇಕ್ಬಿಡ್ತಾಳೆ" ಎಂದು ಗವಿರಂಗಯ್ಯನೂ ನಗುತ್ತಿದ್ದ.

ಆ ದಿನ ಬಿಸಿಲು ಏರುತ್ತಿತ್ತು. ನನ್ನ ಮೇಲೆ ಬೇವಿನ ಕೊಂಬೆ ಬಿದ್ದಿತ್ತು. ಗವಿರಂಗಯ್ಯ ಲೈನ್ ಕ್ಲಿಯರ್ ಪಡೆದು, ಫೋನನ್ನು ಚಿದುವಿನ ಕೈಗೆ ಕೊಟ್ಟು ಹತ್ತಿದ. ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕಿಳಿದು ಹೋಗಲೆಂದು ನನ್ನನ್ನು ಭೂಮಿಗೆ ಬಿಗಿಯುವ ಸರಪಳಿಯನ್ನು, ಸಣ್ಣ ಕೆಲಸವೆಂದು ಜೀಪಿನಲ್ಲೇ ಬಿಟ್ಟಿದ್ದರು. ಚಿದು ಟೀ ಹೇಳಲು ಅಂಗಡಿಗೆ ಹೋದ. ಅಲ್ಲಿ ಬೆಂಚಿನ ಮೇಲೆ ಕೂತಿದ್ದವರು ಅವನನ್ನು ಹಿಡಿದುಕೊಂಡರು.

"ಏ ಚಿದು, ಗವಿರಂಗಣ್ಣಂದು ಒಂದ್ ಬುಡಪ್ಪ."

"ನಮ್ಗ್ಯಾಕೆ, ಫಾಲಾಕ್ಷಂಗೇ ಬುಡು. ಯಾಮಾರ್ತಾನಾ ನೋಡಾಣ," ಎಂದ ಇನ್ನೊಬ್ಬ.

ಯಾಮಾರಿಸಿ, ತಕ್ಷಣ ನಕ್ಕು ನಿಜ ಹೇಳಿಬಿಡುವುದೆಂದು ಚಿದು ಫೋನು ಒತ್ತಿದ. ಕೆಮ್ಮಿದ.

"ಫಾಲಾಕ್ಷಪ್ಪಾ, ಇಳ್ದೆ ಕಣಪ್ಪ. ಲೈನ್ ಕ್ಲಿಯರ್ ವಾಪಸ್ ತಗೋ."

"ಸರಿ ಗವಿರಂಗಣ್ಣ." ಫೋನು ಕಟ್ಟಾಯಿತು.

ಬೆಂಚು ಗೊಳ್ಳೆಂದಿತು. ಚಿದುವಿನ ಬಾಯಿ ನಗಲು ತೆರೆದದ್ದು ತೆರೆದೇ ಉಳಿಯಿತು. ಮತ್ತೆ ಒತ್ತಿದ. ಆ ಕಡೆ ಫೋನು ಸುಮ್ಮನೆ ಬಡಿದುಕೊಳ್ಳುತ್ತಿತ್ತು. ಫಾಲಾಕ್ಷ ಆಗಲೇ ಸ್ವಿಚ್ಚಿನ ಕಡೆ ಎದ್ದು ಹೋಗಿದ್ದ. ಚಿದು ಕಂಬದ ಕಡೆ ಓಡಿದ.

"ಕೈ ಬಿಡೂ! ಅಣ್ಣಾ, ಕೈ ಬಿಡೂ!"

ಆ ಕೂಗು ಬಂದದ್ದು ಗವಿರಂಗಯ್ಯನ ದನಿಯಲ್ಲೇ. ಗಂಟಲು ಇನ್ನೂ ಬದಲಾಗಿರಲಿಲ್ಲ. ಮೇಲಿದ್ದವನು, ತನ್ನದೇ ದನಿ ನೆಲದಿಂದ ತನ್ನನ್ನು ಕೂಗುವುದನ್ನು ಕೇಳಿ, ಬೆರಗಾಗಿ ಬಗ್ಗಿ ನೋಡಿದ. ಕೈ ನನ್ನ ಮೇಲೇ ಇತ್ತು.

ಅದು ಬಂತು.

ವಿಚಾರಣೆ ನಡೆಯಿತು. ಟೀ ಅಂಗಡಿಯ ಬೆಂಚಿಗೆ ಬಾಯಿಯೇ ಇರಲಿಲ್ಲ. "ದೇವ್ರಾಣೆ ಅವನೇ ಮಾತಾಡಿದ್ದು. ಆ ದನಿ ನಂಗೊತ್ತಿಲ್ವಾ?" ಎಂದು ಫಾಲಾಕ್ಷ ಅತ್ತ. ಚಿದು ತಲೆ ತಗ್ಗಿಸಿ ನಿಂತ. ಇಳಿಯದೆಯೇ ಕ್ಲಿಯರ್ ವಾಪಸು ಕೊಟ್ಟದ್ದು ಸತ್ತವನದೇ ತಪ್ಪು ಎಂದು ತೀರ್ಮಾನವಾಯಿತು. ಮೇಲಿದ್ದವನ ಫೋನು ಕೆಳಗೆ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಜೀವ ಮೊದಲೇ ಇಳಿದು ಬಂದು ಫೋನು ಮಾಡಿತಂತೆ ಎಂದು ಊರು ಪಿಸುಗುಟ್ಟಿತು.

ಗವಿರಂಗಯ್ಯನ ಹೆಂಡತಿ ಹೊನ್ನಮ್ಮ ಮಾತ್ರ ಒಪ್ಪಲಿಲ್ಲ. "ಅಂಥಾ ಮೈಮರವಿನ ಮನ್ಷ ಅಲ್ಲ. ಸತ್ತೋರ್ ತಲೆಗ್ ಕಟ್ಬೇಡಿ." ಅವಳ ಮಾತು ಯಾರೂ ಕೇಳಲಿಲ್ಲ. ಸುಟ್ಟ ತುಂಡೆಂದು ನನ್ನನ್ನು ಕತ್ತರಿಸಿ ಇಳಿಸಿದಾಗ ಅವಳು ಬಂದಳು. "ಕೊನೇಲಿ ಅವ್ರು ಹಿಡ್ಕಂಡಿದ್ದು ಇದನ್ನೇ ಅಲ್ವಾ? ನಂಗ್ ಕೊಡಿ." ಕೊಟ್ಟರು.

ಈಗ ನಾನು ಅವಳ ಹಿತ್ತಲಿನಲ್ಲಿ ನುಗ್ಗೆಮರಕ್ಕೂ ಗೋಡೆಗೂ ನಡುವೆ ಬಟ್ಟೆ ಒಣಗಿಸುವ ಲೈನು. ಅವಳು ಗಂಡನ ಖಾಕಿ ಅಂಗಿಯನ್ನು ಈಗಲೂ ಒಗೆಯುತ್ತಾಳೆ. ಗಾಳಿಯಿಲ್ಲದಾಗಲೂ ಅದರ ತೋಳು ಅಲುಗುತ್ತದೆ. ನಾನಂತೂ ಅಲುಗಿಸುವುದಿಲ್ಲ.

ಒಂದು ಮಧ್ಯಾಹ್ನ ಅವಳು ಚಿದುವನ್ನು ಕರೆಸಿದಳು.

"ಕೂತ್ಕ ಚಿದು. ನೀನು ಅವ್ರ ಥರಾನೇ ಮಾತಾಡ್ತಿದ್ಯಂತೆ. ನಂಗೆ ಆ ದನಿ ಮರ್ತೋಗ್ತಾ ಐತೆ ಕಣಪ್ಪ. 'ಹೊನ್ನೀ, ಊಟಕ್ಕಿಕ್ಕು' ಅನ್ನು. ಅಷ್ಟೇ ಸಾಕು."

"ಬ್ಯಾಡಕ್ಕ. ಅದೆಲ್ಲ ಬಿಟ್ಬಿಟ್ಟಿದೀನಿ."

"ಒಂದೇ ಸಲ."

ಚಿದು ಕಣ್ಣು ಮುಚ್ಚಿದ. ಕೆಮ್ಮು ಬಂತು. ಆಮೇಲೆ ಬಂದದ್ದು ಊಟದ ಮಾತಲ್ಲ.

"ಫಾಲಾಕ್ಷಪ್ಪಾ, ಇಳ್ದೆ ಕಣಪ್ಪ..."

ಹೊನ್ನಮ್ಮನ ಕೈಯಲ್ಲಿ ಹಿಂಡುತ್ತಿದ್ದ ಅಂಗಿ ಹಾಗೆಯೇ ನಿಂತಿತು. ನೀರು ತೊಟ್ಟಿಕ್ಕಿತು. ಫೋನಿನಲ್ಲಿ ಕೇಳಿದ್ದೆಂದು ವಿಚಾರಣೆಯಲ್ಲಿ ಫಾಲಾಕ್ಷ ಅವಳೆದುರೇ ಹೇಳಿದ್ದು ಇದೇ ಮಾತನ್ನು.

"ಏಳು. ಈಗ್ಲೇ ಬಾ. ಫಾಲಾಕ್ಷಂಗೆ, ಇಂಜಿನಿಯರ್ಗೆ, ಎಲ್ರಿಗೂ ಹೇಳು. ನಿನ್ ದನೀಲೇ ಹೇಳು."

"ಬತ್ತೀನಕ್ಕ." ಒಡಕು ದನಿ. ಚಿದು ಗಂಟಲು ಹಿಡಿದುಕೊಂಡ, ಉಗುಳು ನುಂಗಿದ, ಮತ್ತೆ ಪ್ರಯತ್ನಿಸಿದ. "ಬತ್ತೀನಿ." ಅದೇ ಗವಿರಂಗಯ್ಯ.

ಗೋಡೆಯ ಮೇಲಿಂದ ಪಕ್ಕದ ಮನೆಯವಳು ಇಣುಕಿದಳು. "ಹೊನ್ನಕ್ಕಾ, ಯಾರದು? ನಿಮ್ಮೆಜಮಾನ್ರು ಮಾತಾಡ್ದಂಗಾಯ್ತು!"

ಹೊನ್ನಮ್ಮ ಒದ್ದೆ ಅಂಗಿಯನ್ನು ನನ್ನ ಮೇಲೆ ಹರವಿದಳು.

"ಹೂಂ, ಅವ್ರೇ. ಸಬ್‌ಸ್ಟೇಷನ್ನಿಗೆ ಹೊಂಟವ್ರೆ. ತಪ್ಪು ಯಾರ್ದು ಅಂತ ಅವ್ರೇ ಹೇಳ್ತಾರಂತೆ."

ಇಬ್ಬರೂ ಹೋದರು. ನನಗೀಗ ಮುಪ್ಪು, ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ. ಇಷ್ಟು ವರ್ಷ ನನ್ನ ಮೂಲಕ ಹಾದದ್ದು ಯಾವುದೂ ನನ್ನಲ್ಲಿ ನಿಲ್ಲಲಿಲ್ಲ. ಆ ಹುಡುಗನ ಗಂಟಲೂ ನನ್ನಂಥದೇ ಎಂದುಕೊಂಡಿದ್ದೆ.