ಹಿರೀಕರ ಎರಿ

ಹೋದ ತಿಂಗಳು ಜೇನುಪೆಟ್ಟಿಗೆಯಿಂದ ಹತ್ತು ಹುಳು ಹಿಡಿದು ಸ್ಪಿರಿಟ್ ಶೀಶೆಗೆ ಹಾಕಿಕೊಂಡು ಹೋಗಿದ್ದ ಕೃತಿಕಾ ಎಂಬ ಸಂಶೋಧನೆಯ ಹುಡುಗಿ ಇವತ್ತು ತಳಿ ಪರೀಕ್ಷೆಯ ರಿಸಲ್ಟ್ ತರುವವಳಿದ್ದಳು. ಅಜ್ಜಂಪುರದ ತೀರ್ಥಮ್ಮ ಬೆಳಿಗ್ಗೆಯಿಂದ ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದಳು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿತ್ತು. ತಮ್ಮ ರುದ್ರಮೂರ್ತಿಗೆ ಮಾತ್ರ ಹಬ್ಬ. ಬೀರೂರಿನಿಂದ ಮೊದಲ ಬಸ್ಸಿಗೇ ಬಂದವನು ಇಸ್ತ್ರಿ ಅಂಗಿ ಹಾಕಿಕೊಂಡು, ಮದುವೆ ಗಂಡಿನ ಕಡೆಯವನ ಹಾಗೆ ಜಗುಲಿಯ ಮೇಲೆ ಕೂತಿದ್ದ.

"ಅಪ್ಪಾಜಿ ಹೆಸರು ಪುಸ್ತಕದಾಗೆ ಬತ್ತದೆ ಕಣಕ್ಕಾ. ಆ ಕಾಯಿಲೆ ವರ್ಷ ತಡ್ಕಂಡು ಉಳಿದ ಜೇನು ನಮ್ದು ಅಂದ್ರೆ ಸಾಮಾನ್ಯನಾ?"

ತೀರ್ಥಮ್ಮ ಅವನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟಳು. ಆ ಜೇನು ಉಳಿದಿರಲಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಅಪ್ಪ ಮಲ್ಲಿಕಾರ್ಜುನಯ್ಯ ಬೀರೂರು ಜಂಕ್ಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಸಂಬಳ ರೈಲಿನದು, ಜೀವ ತುಡುವೆ ಜೇನಿನದು. ಅಜ್ಜಂಪುರದ ಹಳಿಯುದ್ದಕ್ಕೂ ಮೋರಿಯ ಸಂದಿಯಲ್ಲಿ, ಪಾಳುಬಿದ್ದ ಕ್ಯಾಬಿನ್ನಿನ ಗೋಡೆಯಲ್ಲಿ ಕೂತ ಜೇನನ್ನು ಇಳಿಸಿ, ಪೆಟ್ಟಿಗೆಗೆ ಒದ್ದೆ ಗೋಣಿ ಸುತ್ತಿ, ಪ್ಯಾಸೆಂಜರ್ ರೈಲಿನಲ್ಲಿ ತರುತ್ತಿದ್ದರು. ಪಕ್ಕದಲ್ಲಿ ಎರಡು ಜಡೆಯ ತೀರ್ಥ. ಗೋಣಿಯೊಳಗಿನ ಗುಂಯ್‌ಗುಡುವಿಕೆ ಅವಳ ತೊಡೆಗೆ ಕಚಗುಳಿ ಇಡುತ್ತಿತ್ತು. ಆ ಸುಖ ಮುಂದೆ ಯಾವ ಪ್ರಯಾಣದಲ್ಲೂ ಅವಳಿಗೆ ಸಿಗಲಿಲ್ಲ.

ಹೊಸ ಜೇನನ್ನು ಕೂರಿಸುವಾಗ ಅಪ್ಪ ಒಂದು ಪದ್ಧತಿ ತಪ್ಪಿಸುತ್ತಿರಲಿಲ್ಲ. ಹಳೇ ಪೆಟ್ಟಿಗೆಯಿಂದ ಜೇನು ಕಟ್ಟಿದ ಮೇಣದ ಎರಿಯೊಂದನ್ನು, ಅದಕ್ಕೆ ಕಚ್ಚಿಕೊಂಡ ಹುಳುಗಳ ಸಮೇತ ತೆಗೆದು, ಬೆಲ್ಲದ ನೀರು ಚಿಮುಕಿಸಿ, ಹೊಸಬರ ನಡುವೆ ನಿಲ್ಲಿಸಬೇಕು. "ಹೊಸ ಸಂಸಾರಕ್ಕೆ ಹಿರೀಕರು ಬೇಕು ಕಣವ್ವಾ" ಎನ್ನುತ್ತಿದ್ದರು. ಮುಚ್ಚಳ ಹಾಕುವ ಮೊದಲು ಅದೇ ಪ್ರಶ್ನೆ: "ಹಿರೀಕರನ್ನ ಕೂರಿಸ್ದೇನವ್ವಾ?"

ರಿಟೈರ್ ಆದ ಮೇಲೆ ಅಪ್ಪ ಆರು ಪೆಟ್ಟಿಗೆಗಳ ಸಮೇತ ಮಗಳ ಮನೆ ಸೇರಿದರು. ಲಕ್ವ ಹೊಡೆದು ಹಾಸಿಗೆ ಹಿಡಿದ ವರ್ಷವೇ ಜೇನಿಗೂ ಆ ಹಾಳು ಕಾಯಿಲೆ ಬಂತು. ಮರಿಗಳು ಎರಿಯಲ್ಲೇ ಕೊಳೆತು ನೀರಾದವು. ಐದು ಪೆಟ್ಟಿಗೆ ಖಾಲಿಯಾದವು. "ಅದೊಂದನ್ನ ಉಳಿಸ್ಕೊಡವ್ವಾ" ಎಂದು ಅಪ್ಪ ಕಿಟಕಿಯಾಚೆಯ ಆರನೆಯದನ್ನು ತೋರಿಸಿ ತೊದಲಿದರು. ತೀರ್ಥಮ್ಮನಿಂದ ಆಗಲಿಲ್ಲ. ಒಂದು ದಿನ ನೋಡಿದರೆ ರಾಣಿ ಇಲ್ಲ, ಒಂದೇ ಎರಿಯ ಮೇಲೆ ಬೊಗಸೆಯಷ್ಟು ಹುಳು ತೆವಳುತ್ತಿವೆ. ಅವಳು ತರೀಕೆರೆಗೆ ಓಡಿ, ಗುಡ್ಡದ ಜೇನು ಇಳಿಸುವ ಗಿರಿಯಪ್ಪನಿಂದ ಒಂದು ಸಂಸಾರ ತಂದು, ಅಪ್ಪ ಮಧ್ಯಾಹ್ನ ಮಲಗಿದ್ದಾಗ ಅದೇ ಪೆಟ್ಟಿಗೆಗೆ ಇಳಿಸಿದಳು. ರೂಢಿಯ ಬಲ, ಉಳಿದ ಹುಳುಗಳ ಸಮೇತ ಆ ಹಳೇ ಎರಿಯನ್ನು ನಡುವೆ ನಿಲ್ಲಿಸುವುದನ್ನು ಮರೆಯಲಿಲ್ಲ.

"ಚೇತರಿಸ್ಕಂಡ್ವು ಅಪ್ಪಾಜಿ" ಎಂದಳು. ಅಪ್ಪ ಕಿಟಕಿಯಾಚೆ ಬಹಳ ಹೊತ್ತು ನೋಡಿದರು. ಆಮೇಲೆ ಏನೋ ಕನವರಿಸಿ, ಅವಳು "ಹ್ಞೂ" ಎಂದ ಮೇಲೆ ನಿದ್ದೆಗೆ ಜಾರಿದರು. ಮರುವರ್ಷ ತೀರಿಕೊಂಡರು. ಸಾಯುವ ಅಪ್ಪನಿಗೆ ಸುಳ್ಳು ಹೇಳಿದೆನೆಂಬುದು ಮೂವತ್ತು ವರ್ಷ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಕೃತಿಕಾ ಬಂದು ಲ್ಯಾಪ್‌ಟಾಪ್ ತೆರೆದಳು. ಕಾಯಿಲೆಗೆ ಮುಂಚೆಯೇ ಅಪ್ಪ ದೇವನೂರಿನ ಬೆನಕಪ್ಪನಿಗೆ ಒಂದು ಜೇನು ಕೊಟ್ಟಿದ್ದರು. ಅಲ್ಲಿಗೆ ಕಾಯಿಲೆ ತಾಗದೆ ಅದು ಅವನ ಗೋಡೆಯ ಮಡಕೆಯಲ್ಲಿ ಇನ್ನೂ ಇತ್ತು. ರುದ್ರಮೂರ್ತಿಯೇ ಉತ್ಸಾಹದಿಂದ ಹುಡುಗಿಯನ್ನು ಅಲ್ಲಿಗೆ ಕರೆದೊಯ್ದು ಹೋಲಿಕೆಗೆಂದು ಸ್ಯಾಂಪಲ್ ಕೊಡಿಸಿದ್ದ.

"ಸಾರಿ ಸರ್. ತಾಯಿ ಕಡೆಯಿಂದ ಬರೋ ಡಿಎನ್‌ಎ ಬೆನಕಪ್ಪೋರ ಜೇನಿಗೆ ಹೊಂದ್ತಿಲ್ಲ. ನಿಮ್ಮ ಜೇನು ತರೀಕೆರೆ ಗುಡ್ಡದ ಕಡೇದು."

"ನಿಮ್ ಮಿಷಿನ್ನೇ ಕೆಟ್ಟಿರ್ಬೇಕು!" ರುದ್ರಮೂರ್ತಿ ಸಿಡುಕಿದ. ಹುಡುಗಿಯ ಮುಖ ಸಣ್ಣದಾಯಿತು. ಅದನ್ನು ತೀರ್ಥಮ್ಮನಿಗೆ ನೋಡಲಾಗಲಿಲ್ಲ.

"ಮಿಷಿನ್ ಸರಿಯಾಗೇ ಐತೆ ಕಣೋ. ಅಪ್ಪಾಜಿ ಜೇನು ನನ್ ಕೈಯಾಗೇ ಹೋಯ್ತು." ಎಲ್ಲವನ್ನೂ ಹೇಳಿಬಿಟ್ಟಳು.

"ಸಾಯೋರಿಗೆ ಸುಳ್ಳು ಹೇಳ್ದೇನಕ್ಕಾ?" ರುದ್ರಮೂರ್ತಿ ಮುಖ ತಿರುಗಿಸಿದ.

ಕೃತಿಕಾ ಮೆಲ್ಲಗೆ ಬಾಯಿ ಹಾಕಿದಳು. "ಅಮ್ಮಾ, ಇನ್ನೊಂದಿದೆ. ಹುಳದ ಹೊಟ್ಟೆಯ ಬ್ಯಾಕ್ಟೀರಿಯಾನೂ ಪರೀಕ್ಷೆ ಮಾಡಿಸಿದ್ವಿ. ಅದ್ರಲ್ಲಿ ಒಂದು ತಳಿ ತರೀಕೆರೆಯ ಯಾವ ಗೂಡಲ್ಲೂ ಸಿಗ್ಲಿಲ್ಲ. ಬೆನಕಪ್ಪೋರ ಮಡಕೇಲಿದೆ, ನಿಮ್ಮ ಪೆಟ್ಟಿಗೇಲಿದೆ. ಮರಿಹುಳ ಹುಟ್ಟುವಾಗ ಹೊಟ್ಟೆ ಖಾಲಿ ಇರತ್ತೆ. ಗೂಡಿನ ದೊಡ್ಡ ಹುಳುಗಳಿಂದ್ಲೇ ಇದು ಬರ್ಬೇಕು. ಹೊಸ ಜೇನಿನ ಜೊತೆ ಹಳೇವನ್ನ ಏನಾದ್ರೂ ಸೇರಿಸಿದ್ರಾ?"

"ಒಂದ್ ಎರಿ ಇತ್ತು ಕಣವ್ವಾ. ಅಪ್ಪಾಜಿ ಕೇಳಿದ್ರು, ಹಿರೀಕರನ್ನ ಕೂರಿಸ್ದೇನವ್ವಾ ಅಂತ. ನಾನು ಹ್ಞೂ ಅಂದೆ..."

ತೀರ್ಥಮ್ಮ ಪೆಟ್ಟಿಗೆಯತ್ತ ತಿರುಗಿ ನೋಡಿದಳು. ಅಪ್ಪನ ಆ ಪ್ರಶ್ನೆಯನ್ನು ಇಷ್ಟು ವರ್ಷ ಕನವರಿಕೆ ಎಂದೇ ತಿಳಿದಿದ್ದಳು. ಹೊಸ ಜೇನು ಕೂರಿಸುವಾಗಲ್ಲದೆ ಅಪ್ಪ ಆ ಮಾತು ಎಂದಾದರೂ ಕೇಳಿದ್ದುಂಟೇ? ಗುಡ್ಡದ ಹುಳುವಿನ ಕಪ್ಪು ಮೈಬಣ್ಣ ಅವರ ಕಣ್ಣು ತಪ್ಪಿಸೀತೇ?

"ರುದ್ರಾ," ಎಂದಳು. "ಅಪ್ಪಾಜಿಗೆ ಗೊತ್ತಿತ್ತು ಕಣೋ. ಅವತ್ತೇ ಗೊತ್ತಿತ್ತು."

ರುದ್ರಮೂರ್ತಿ ಎದ್ದು ಬಂದು, ಅಕ್ಕನ ಪಕ್ಕದಲ್ಲಿ ನೆಲದ ಮೇಲೆಯೇ ಕೂತ. ತೀರ್ಥಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, ಅಪ್ಪ ತೀರಿಕೊಂಡ ದಿನವೂ ಅಳದಿದ್ದಷ್ಟು ಅತ್ತಳು.